ಟೈಮಿಂಗ್ ಕಡ್ಡಿ

ಶಿರಾದ ಮೆಕ್ಯಾನಿಕ್ ಜಹೀರ್ ಅಹಮದ್ ಸಾಬರ ಬಾಯಲ್ಲಿ ಒಂದು ಮಾತು ಯಾವಾಗಲೂ ತಯಾರಾಗಿರುತ್ತಿತ್ತು. ಕೇಳುವವರಿರಲಿ ಬಿಡಲಿ, ಬಲಗೈ ಮುಂದೆ ಚಾಚಿ, ಮಣಿಕಟ್ಟು ತಿರುಗಿಸಿ ತೋರಿಸಿ, "ಹ್ಯಾಂಡಲ್ ಒದ್ದು ನಮ್ಮ ಉಸ್ತಾದ್ ಕೈ ಎರಡು ಸಲ ಮುರೀತು. ಈ ಕೈನ ಅದು ಮೂವತ್ನಾಲ್ಕು ವರ್ಷದಲ್ಲಿ ಒಂದು ಸಲಾನೂ ಮುಟ್ಟಿಲ್ಲ, ನೋಡ್ಕೊಳ್ಳಿ" ಅನ್ನುತ್ತಿದ್ದರು. ಎದುರಿನ ಟೀ ಅಂಗಡಿಯ ದೊಡ್ಡಹನುಮಯ್ಯ ಇದನ್ನು ಎಷ್ಟು ಸಲ ಕೇಳಿದ್ದನೆಂದರೆ, ಸಾಬರು ಕೈ ಚಾಚಿದ ಕೂಡಲೇ ಅದರಲ್ಲೊಂದು ಟೀ ಲೋಟ ಇಟ್ಟುಬಿಡುತ್ತಿದ್ದ.

ಹ್ಯಾಂಡಲ್ ಅಂದರೆ ಅವರ ಬೇಬಿ ಆಸ್ಟಿನ್ ಕಾರಿನದು. ಎರಡನೆಯ ಮಹಾಯುದ್ಧಕ್ಕಿಂತ ಮುಂಚೆ ಹುಟ್ಟಿದ ಗಾಡಿ. ನಾಲ್ಕು ಜನ ಕೂರಬಹುದೆಂದು ಕಾಗದದಲ್ಲಿ ಬರೆದಿದೆ. ಆ ನಾಲ್ವರು ಯಾರೋ ಊಟ ಬಿಟ್ಟವರಿರಬೇಕು. ಹೊಳವನಹಳ್ಳಿಯ ಶಂಕರಲಿಂಗಪ್ಪ ಎಂಬುವರ ಕೊಟ್ಟಿಗೆಯಲ್ಲಿ ಅದರ ಹಿಂದಿನ ಸೀಟಿನ ಮೇಲೆ ಕೋಳಿ ಮೊಟ್ಟೆಯಿಡುತ್ತಿತ್ತು. ಸಾಬರು ಅದನ್ನು ಲಾರಿಯ ಮೇಲೆ ಹೇರಿಕೊಂಡು ಬಂದ ವರ್ಷವೇ ಪಾವಗಡದ ರಹೀಮುನ್ನೀಸಾಳನ್ನು ಮದುವೆಯಾದರು. ಜಹೀರ್ ಒಂದೇ ವರ್ಷದಲ್ಲಿ ಎರಡು ನಿಕಾಹ್ ಮಾಡಿಕೊಂಡ ಎಂದು ಬಜಾರಿನವರು ನಕ್ಕರು. ಅದರಲ್ಲಿ ದೊಡ್ಡವಳು ಯಾರು ಎಂದು ಮಾತ್ರ ರಹೀಮುನ್ನೀಸಾಳ ಎದುರು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಇಂಥ ಗಾಡಿಗೆ ಸ್ಪೇರ್ ಪಾರ್ಟು ಎಲ್ಲಿಂದ ಬರಬೇಕು? ಪಿಸ್ಟನ್ ರಿಂಗು ಯಾವುದೋ ಸ್ಕೂಟರಿನದು, ವಾಷರು ಬೋರ್‌ವೆಲ್ ಪಂಪಿನದು, ಬ್ರೇಕಿನ ತಂತಿ ಸಾಬರೇ ಹೆಣೆದದ್ದು. ವಾಟರ್ ಪಂಪು ಹುಟ್ಟಿದಾಗಿನಿಂದಲೇ ಇಲ್ಲ. ನೀರು ತಾನೇ ಕಾದು ಮೇಲೇರಿ, ತಾನೇ ತಣಿದು ಕೆಳಗಿಳಿಯಬೇಕು. ಸೆಲ್ಫ್ ಸ್ಟಾರ್ಟರ್ ಸತ್ತು ಯಾವ ಕಾಲವಾಯಿತೋ. ಹಾಗಾಗಿ ಗಾಡಿ ಎಬ್ಬಿಸುವುದು ಇಬ್ಬರ ಕೆಲಸ. ಒಬ್ಬರು ಮುಂದೆ ಬಗ್ಗಿ, ಮೂತಿಯ ಕೆಳಗೆ ಹ್ಯಾಂಡಲ್ ಕೊಟ್ಟು ತಿರುಗಿಸಬೇಕು. ಇನ್ನೊಬ್ಬರು ಸೀಟಿನಲ್ಲಿ ಕೂತು ಚೋಕ್ ಎಳೆದು, ಆಕ್ಸಿಲೇಟರ್ ಮೇಲೆ ಕಾಲಿಟ್ಟಿರಬೇಕು.

ಸ್ಟೇರಿಂಗಿನ ನಡುವೆ ಬೆರಳುದ್ದದ ಒಂದು ಕಡ್ಡಿಯಿದೆ, ಟೈಮಿಂಗ್ ಕಡ್ಡಿ. ಗಾಡಿ ಓಡುವಾಗ ಅದು ಮುಂದಕ್ಕಿರಬೇಕು, ಹ್ಯಾಂಡಲ್ ಹೊಡೆಯುವಾಗ ಹಿಂದಕ್ಕಿರಬೇಕು. ಮುಂದಕ್ಕೇ ಬಿಟ್ಟು ಹ್ಯಾಂಡಲ್ ಹೊಡೆದರೆ ಕಿಡಿ ಬೇಗ ಬಂದು ಇಂಜಿನ್ ಉಲ್ಟಾ ತಿರುಗಿ, ಹ್ಯಾಂಡಲ್ ಹೋರಿಯ ಹಾಗೆ ಒದೆಯುತ್ತದೆ. ಆದ್ದರಿಂದ ಗಾಡಿ ನಿಲ್ಲಿಸಿದವನು ಕಡ್ಡಿ ಹಿಂದಕ್ಕೆ ಎಳೆದೇ ಇಳಿಯಬೇಕು. ಸಾಬರ ಉಸ್ತಾದ್ ಮೊದಲ ದಿನ ಕಲಿಸಿದ ಪಾಠವೇ ಇದು.

ಪ್ರತಿ ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಆ ಗಾಡಿಯಲ್ಲಿ ಕೆರೆ ಏರಿಯವರೆಗೆ ಹೋಗಿ ಬರುತ್ತಿದ್ದರು. ಮುಂದೆ ಬಗ್ಗುವವರು ಸಾಬರು, ಸೀಟಿನಲ್ಲಿ ರಹೀಮುನ್ನೀಸಾ. ಒಂದು ಕ್ಷಣ ಸುಮ್ಮನಿದ್ದು, "ಹ್ಞೂಂ, ತಿರುಗ್ಸಿ" ಅನ್ನುತ್ತಿದ್ದಳು. ಎರಡು ಸುತ್ತಿಗೆ ಗಾಡಿ ಎದ್ದು ನಿಲ್ಲುತ್ತಿತ್ತು.

ರಹೀಮುನ್ನೀಸಾ ತೀರಿಕೊಂಡು ಐವತ್ತೆರಡು ದಿನವಾಗಿತ್ತು. ಎದೆನೋವೆಂದು ತುಮಕೂರಿನ ಆಸ್ಪತ್ರೆಗೆ ಸೇರಿಸಿದವಳು ಮೂರು ದಿನ ಇದ್ದಳು. ಕೊನೆಯ ದಿನ ಗಂಡನಿಗೆ ಹೇಳಿದ್ದು ಒಂದೇ ಮಾತು: "ಗಾಡಿದು ಬರೋ ತಿಂಗಳು ಇಪ್ಪತ್ತೆಂಟನೇ ತಾರೀಕು. ಮಧುಗಿರಿಗೆ ಹೋಗೋದು ಮರೀಬೇಡಿ." ಹಳೆಯ ಗಾಡಿಯ ಆರ್‌ಸಿ ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು, ಅದಕ್ಕೆ ಮಧುಗಿರಿಯ ಆರ್‌ಟಿಓ ಆಫೀಸಿಗೆ ಗಾಡಿ ಒಯ್ದು ತೋರಿಸಬೇಕು. ಸಾಯುವ ಹೊತ್ತಿನಲ್ಲಿ ಹೆಂಗಸರು ಮಕ್ಕಳ ಮಾತಾಡುತ್ತಾರೆ, ಅಲ್ಲಾಹನ ಹೆಸರು ಹೇಳುತ್ತಾರೆ. ಇವಳು ತಾರೀಕು ಹೇಳಿದಳು.

ಸಾಬರು ಅಳಲಿಲ್ಲ. ಮಣ್ಣು ಮಾಡುವಾಗ ಅಳಲಿಲ್ಲ, ಮೂರನೆಯ ದಿನ ಅಳಲಿಲ್ಲ, ನಲವತ್ತನೆಯ ದಿನದ ಫಾತಿಹಾಕ್ಕೆ ಊರೆಲ್ಲ ಕೂತು ಉಣ್ಣುವಾಗ ತಾವೂ ಕೂತು ಉಂಡರು. ಅಡುಗೆಯವರು ಬಿರಿಯಾನಿಗೆ ಉಪ್ಪು ಹಾಕುವುದನ್ನೇ ಮರೆತಿದ್ದರಂತೆ. ಎಲ್ಲರೂ ಮುಖ ಮುಖ ನೋಡಿಕೊಂಡರೆ ಸಾಬರು ತಟ್ಟೆ ಖಾಲಿ ಮಾಡಿ ಎದ್ದರು. ಸಾಬರು ಗಟ್ಟಿ ಮನುಷ್ಯ ಎಂದು ಬಂದವರು ಹೊಗಳಿದರು. ಗಟ್ಟಿಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಅವರ ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೇ. ಅದಕ್ಕೆ ಅವರಿಗೆ ನಾಚಿಕೆಯಾಗುತ್ತಿತ್ತು. ಆ ನಾಚಿಕೆಯೂ ಯಾರದೋ ಮನೆಯ ರೇಡಿಯೋದ ಹಾಗೆ ದೂರದಿಂದ ಕೇಳಿಸುತ್ತಿತ್ತು. ಬೆಳಿಗ್ಗೆ ಗ್ಯಾರೇಜ್ ತೆಗೆದು ಟ್ರ್ಯಾಕ್ಟರು, ಬೊಲೆರೋಗಳ ಡೀಸೆಲ್ ಇಂಜಿನ್ ಬಿಚ್ಚುವರು, ಸಂಜೆ ಮುಚ್ಚುವರು. ಮಾತಾಡಿಸಿದವರಿಗೆಲ್ಲ "ಹೂಂ" ಅನ್ನುವರು.

ತಾರೀಕಿಗೆ ಇನ್ನು ಹತ್ತು ದಿನ ಇದೆಯೆನ್ನುವಾಗ ಕಾರಿನ ಹೊದಿಕೆ ತೆಗೆದರು. ಮಗ ಮುಬಶ್ಶಿರ್ ಸೀಟಿನಲ್ಲಿ ಕೂತ, ಸಾಬರು ಮುಂದೆ ಬಗ್ಗಿದರು. "ತಿರುಗ್ಸಿ ಅಬ್ಬಾ" ಅಂದ. ಸಾಬರು ತಿರುಗಿಸಿದರು. ಹ್ಯಾಂಡಲ್ ಒದೆಯಿತು. ಕಟಕ್ ಎಂದ ಸದ್ದು ಎದುರಿನ ಟೀ ಅಂಗಡಿಗೂ ಕೇಳಿಸಿತಂತೆ.

ದೊಡ್ಡಹನುಮಯ್ಯ ಓಡಿಬಂದ. "ಅಯ್ಯೋ, ಸಾಬ್ರ ಕೈ ಹೋಯ್ತಲ್ಲಪ್ಪಾ! ಇದೇನ್ ಇಂಗಾಗ್ಬುಟ್ತು?"

ಸಾಬರು ಮಾತ್ರ, ಜೋತುಬಿದ್ದ ತಮ್ಮ ಕೈಯನ್ನು ರಿಪೇರಿಗೆ ಬಂದ ಯಾರದೋ ಸಾಮಾನಿನ ಹಾಗೆ ನೋಡಿದರು. "ಕಡ್ಡಿ ಮುಟ್ಟಿದ್ಯೇನೋ?" ಎಂದು ಮಗನನ್ನು ಕೇಳಿದರು.

"ಇಲ್ಲ ಅಬ್ಬಾ, ನಾನು ಮುಟ್ಟೇ ಇಲ್ಲ. ನೀವು ಹೆಂಗೆ ಬಿಟ್ಟಿದ್ರೋ ಅಂಗೇ ಇತ್ತು."

ಹಾಗಾದರೆ ಸರಿಯಾಗಿಯೇ ಇತ್ತು ಎಂದು ಸಾಬರು ತೀರ್ಮಾನ ಮಾಡಿದರು. ತಾವೇ ಬಿಟ್ಟಿದ್ದ ಹಾಗೆ ಇದ್ದರೆ ತಪ್ಪು ಇನ್ನೆಲ್ಲಿರಲು ಸಾಧ್ಯ? ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು, ಎಡಗೈಯಿಂದಲೇ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿ ಪಾಯಿಂಟ್ ನೋಡಿದರು. ಸರಿಯಿತ್ತು. ಮಾರನೆಯ ದಿನ ಮತ್ತೆ ಬಿಚ್ಚಿದರು. ಸರಿಯಿತ್ತು. ಗಾಡಿಗೂ ವಯಸ್ಸಾಯಿತು, ಕೈ ಕೊಟ್ಟಿತು ಅಂದುಕೊಂಡು ಮುಚ್ಚಿದರು.

ಮುಬಶ್ಶಿರ್ ಒಂದು ದಾರಿ ಹುಡುಕಿಯೇ ಇಟ್ಟಿದ್ದ. ತುಮಕೂರು ರಸ್ತೆಯ ಒಂದು ರೆಸಾರ್ಟಿನವರು ಹಳೆಯ ಕಾರು ಕೇಳುತ್ತಿದ್ದರು. "ಗೇಟ್ ಹತ್ರ ನಿಲ್ಸಿ, ಒಳಗೆಲ್ಲ ಮಣ್ಣು ತುಂಬಿ ಹೂವಿನ ಗಿಡ ಹಾಕ್ತಾರಂತೆ ಅಬ್ಬಾ. ನೋಡೋಕೆ ಚೆನ್ನಾಗಿರುತ್ತೆ. ತಾರೀಕು ದಾಟಿ ಆರ್‌ಸಿ ಹೋಯ್ತು ಅಂದ್ರೆ ರೋಡಿಗೆ ಇಳ್ಸೋಹಂಗೂ ಇಲ್ವಲ್ಲ."

"ಹೂಂ" ಅಂದರು ಸಾಬರು.

ಇಪ್ಪತ್ತೇಳರ ಸಂಜೆ ಮಗಳು ಸುಮಯ್ಯ ಬಂದಳು. ಪಾವಗಡದ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಟೆಕ್ನಿಷಿಯನ್ ಆಗಿರುವವಳು, ರಜೆ ಹಾಕಿ ಬಂದಿದ್ದಳು. "ಗಿಡ ಬೇಕಾದ್ರೆ ಕುಂಡದಲ್ಲಿ ಹಾಕ್ಕೊಳ್ಳಲಿ. ಅಮ್ಮಿ ಹೇಳಿದ ತಾರೀಕು ಇದು, ನಾಳೆ ನಾವು ಹೋಗ್ತೀವಿ" ಅಂದಳು. ಸಾಬರು ಅದಕ್ಕೂ "ಹೂಂ" ಅಂದರು.

ಬೆಳಿಗ್ಗೆ ಹ್ಯಾಂಡಲ್ ಮುಟ್ಟುವ ಗೋಜಿಗೆ ಯಾರೂ ಹೋಗಲಿಲ್ಲ. ದೊಡ್ಡಹನುಮಯ್ಯ ಟೀ ಕುಡಿಯಲು ಬಂದವರನ್ನೆಲ್ಲ ಎಬ್ಬಿಸಿದ. "ನೂಕ್ರಲಾ, ನೂಕ್ರಿ! ಸಾಬ್ರ ಸವಾರಿ ಕಣ್ರಲಾ, ಮಧುಗಿರಿ ಗಂಟ ಓಗ್ಬೇಕು!" ಇಳಿಜಾರಿನಲ್ಲಿ ನಾಲ್ಕು ಮಾರು ನೂಕುವಷ್ಟರಲ್ಲಿ ಗಾಡಿ ಕೆಮ್ಮಿ ಹೊಗೆಯುಗುಳಿ ಎದ್ದಿತು. ಸುಮಯ್ಯ ಓಡಿಸಿದಳು, ಸಾಬರು ಪಕ್ಕದಲ್ಲಿ ಪ್ಲಾಸ್ಟರ್ ಕೈ ತೊಡೆಯ ಮೇಲಿಟ್ಟುಕೊಂಡು ಕೂತರು. ದಾರಿಯಲ್ಲಿ ಇಂಜಿನ್ ಆಫ್ ಮಾಡುವಂತಿಲ್ಲ. ಬಡವನಹಳ್ಳಿಯಲ್ಲಿ ಇಂಜಿನ್ ಓಡುತ್ತಿರುವಾಗಲೇ ಒದ್ದೆ ಬಟ್ಟೆಯಿಂದ ರೇಡಿಯೇಟರ್ ಮುಚ್ಚಳ ತಿರುಗಿಸಿ ನೀರು ಹಾಕಿದರು. ಬಸ್ ಕಾಯುತ್ತಿದ್ದವರು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು, ಒಬ್ಬ ಮುದುಕ ಕೈಯೆತ್ತಿ ಮುಗಿದ. ಸಾಬರು ನೋಡಿದರು, ಅಷ್ಟೇ. ಎರಡು ಗಂಟೆಯಾದ ಮೇಲೆ ಮಧುಗಿರಿ ಬೆಟ್ಟ ಕಣ್ಣಿಗೆ ಬಿತ್ತು.

ಆಫೀಸಿನ ಅಂಗಳದಲ್ಲಿ ಟ್ರ್ಯಾಕ್ಟರುಗಳ ಸಾಲು. ಸುಮಯ್ಯ ಇಂಜಿನ್ ಓಡುತ್ತಿರುವಂತೆಯೇ ಬಿಟ್ಟು ಕಾಗದ ಕೊಡಲು ಒಳಗೆ ಹೋದಳು. ಸಾಬರು ಡ್ರೈವರ್ ಸೀಟಿಗೆ ಸರಿದು ಕೂತರು. ಸಾಲು ಮುಂದೆ ಹೋದಾಗ ಎಡಗೈಯಲ್ಲಿ ಗೇರ್ ಹಾಕಿ, ಮೊಣಕೈಯಿಂದ ಸ್ಟೇರಿಂಗ್ ಒತ್ತಿ ಹಿಡಿದು ಗಾಡಿಯನ್ನು ಹೊಂಗೆ ಮರದ ನೆರಳಿಗೆ ತಂದರು. ಇನ್ಸ್‌ಪೆಕ್ಟರ್ ಇನ್ನೂ ಎಳೆ ವಯಸ್ಸಿನವರು. ಬಾನೆಟ್ ಎತ್ತಿಸಿ ನೋಡಿ, "ಇಂಜಿನ್ ನಂಬರ್ ಪೆನ್ಸಿಲ್ ಅಚ್ಚು ತೆಗೀಬೇಕು, ಹಿಂಗೆ ಅಲ್ಲಾಡ್ತಿದ್ರೆ ಹೆಂಗಾಗುತ್ತೆ? ಆಫ್ ಮಾಡಿ" ಅಂದರು.

ಸಾಬರು ಆಫ್ ಮಾಡಿದರು.

ಅಚ್ಚು ತೆಗೆದದ್ದಾಯಿತು. ಚಾಸಿ ನಂಬರೂ ತೆಗೆದದ್ದಾಯಿತು. "ಈಗ ಸ್ಟಾರ್ಟ್ ಮಾಡಿ, ಬ್ರೇಕ್ ನೋಡೋಣ."

"ಸ್ವಲ್ಪ ನೂಕ್ಬೇಕು ಸರ್" ಅಂದಳು ಅಷ್ಟರಲ್ಲಿ ಹೊರಬಂದಿದ್ದ ಸುಮಯ್ಯ.

"ನೂಕಿ ಎಬ್ಸೋ ಗಾಡೀನ ನಾನು ಹೆಂಗಮ್ಮ ಪಾಸ್ ಮಾಡ್ಲಿ? ಅದರಷ್ಟಕ್ಕೆ ಅದು ಸ್ಟಾರ್ಟ್ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಇವತ್ತಿಗೆ ಮುಗೀತು, ನಾನು ಬರೆದುಬಿಡ್ತೀನಿ."

ಸುಮಯ್ಯ ಹಿಂದಿನ ಸೀಟಿನಿಂದ ಹ್ಯಾಂಡಲ್ ತೆಗೆದುಕೊಂಡಳು. "ಹೆಬ್ಬೆರಳು ಸುತ್ತ ಹಾಕ್ಬೇಡಮ್ಮ, ಬೆರಳುಗಳ ಜೊತೆಗೇ ಇರ್ಲಿ" ಎಂದರು ಸಾಬರು. ಅವಳು ಮುಂದೆ ಹೋಗಿ ಬಗ್ಗಿದಳು. ಗಾಜಿನಾಚೆ ಅವಳ ದುಪಟ್ಟಾ ಹೊದ್ದ ನೆತ್ತಿಯಷ್ಟೇ ಕಾಣುತ್ತಿತ್ತು. ಸಾಬರು ಚೋಕ್ ಎಳೆದು, "ಹ್ಞೂಂ, ತಿರುಗ್ಸು" ಅಂದರು.

ನೆತ್ತಿ ಅಲ್ಲಾಡಲಿಲ್ಲ. ಸುಮಯ್ಯ ಎದ್ದು ನಿಂತಳು, ಸುತ್ತಿಕೊಂಡು ಬಂದಳು, ಬಾಗಿಲ ಮೇಲಿಂದ ಕೈ ಚಾಚಿ ಟೈಮಿಂಗ್ ಕಡ್ಡಿಯನ್ನು ಹಿಂದಕ್ಕೆ ಎಳೆದಳು. ಅದು ಪೂರಾ ಮುಂದಕ್ಕಿತ್ತು.

ಸಾಬರು ಕಡ್ಡಿಯನ್ನು ನೋಡಿದರು. "ನಾನು ಹಿಂದಕ್ಕೆ ಹಾಕಿದ್ದೆ" ಅಂದರು.

"ಹಾಕಿರ್ಲಿಲ್ಲ ಅಬ್ಬಾ."

"ಇವತ್ತು ಮರೆತಿರ್ಬೇಕು."

ಸುಮಯ್ಯ ಹ್ಯಾಂಡಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. "ನೀವು ಯಾವತ್ತೂ ಹಾಕ್ತಿರ್ಲಿಲ್ಲ. ದಿನಾ ಡೀಸೆಲ್ ಗಾಡಿ, ಅದಕ್ಕೆ ಕಡ್ಡಿನೂ ಇಲ್ಲ, ಕಿಡಿನೂ ಇಲ್ಲ. ಆಫ್ ಮಾಡಿದ ತಕ್ಷಣ ಇಳಿದುಬಿಡೋದು ನಿಮ್ಮ ಅಭ್ಯಾಸ. ಪ್ರತಿ ಸಲ ಅಮ್ಮಿನೇ ಹಿಂದಕ್ಕೆ ಹಾಕ್ತಿದ್ರು. ನಾನು ಚಿಕ್ಕೋಳಿದ್ದಾಗ ತೊಡೆ ಮೇಲೆ ಕೂರಿಸ್ಕೊಂಡು ನನ್ನ ಕೈಲೇ ಎಳೆಸ್ತಿದ್ರು. ಅಬ್ಬಾಗೆ ಹೇಳ್ಬೇಡ ಅಂತಿದ್ರು."

"ಯಾಕೆ?"

"ಊರಿಗೆಲ್ಲ ಉಸ್ತಾದು, ಒಂದು ತಪ್ಪು ಮನೇಲಿ ಇರ್ಲಿ ಬಿಡು ಅಂತಿದ್ರು." ಅವಳ ದನಿ ಸಣ್ಣದಾಯಿತು. "ಕೈ ಮುರೀತು ಅಂತ ಮುಬಶ್ಶಿರ್ ಫೋನ್ ಮಾಡ್ದಾಗಲೇ ನಂಗೆ ಗೊತ್ತಾಯ್ತು. ಹೇಳೋಕೆ ಬಾಯಿ ಬರಲಿಲ್ಲ ಅಬ್ಬಾ."

"ಏನಮ್ಮ, ಆಗುತ್ತೋ ಇಲ್ವೋ?" ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು. ಸುಮಯ್ಯ ಮತ್ತೆ ಮುಂದೆ ಹೋಗಿ ಬಗ್ಗಿದಳು.

ಈಗ ಸಾಬರು ತಿರುಗಿಸು ಅನ್ನಬೇಕಿತ್ತು. ಕಡ್ಡಿ ಹಿಂದಕ್ಕಿದೆ, ಕಣ್ಣಾರೆ ನೋಡಿದ್ದಾರೆ. ಆದರೂ ಎಡಗೈಯಿಂದ ಮುಟ್ಟಿ ನೋಡಿದರು. ಬಿಟ್ಟರು, ಮತ್ತೆ ಮುಟ್ಟಿದರು. ಈಗ ತಾನೇ ಆ ಕಡ್ಡಿ ಮುಂದಕ್ಕಿದ್ದಾಗ ಅವರು ಮಗಳಿಗೆ ತಿರುಗಿಸು ಎಂದಿದ್ದರು. ಗಾಜಿನಾಚೆಯ ಆ ಬಗ್ಗಿದ ತಲೆ ನೋಡುತ್ತಿದ್ದಂತೆ ಅವರಿಗೆ ಹೆದರಿಕೆಯಾಯಿತು. ಐವತ್ತೆರಡು ದಿನದಲ್ಲಿ ಮೊದಲ ಸಲ ಅವರೊಳಗೆ ಏನೋ ಆಯಿತು, ಆದದ್ದು ಹೆದರಿಕೆ. ಇದೇ ಸೀಟಿನಲ್ಲಿ ಕೂತು, ಇದೇ ಗಾಜಿನಲ್ಲಿ ರಹೀಮುನ್ನೀಸಾ ನೋಡುತ್ತಿದ್ದದ್ದು ತಮ್ಮ ತಲೆಯನ್ನು. ಇವರು ಮುಂದೆ ಗತ್ತಿನಿಂದ ಬಗ್ಗಿ ನಿಂತಿರುವಾಗ ಅವಳು ಆ ಒಂದು ಕ್ಷಣ ಸುಮ್ಮನಿರುತ್ತಿದ್ದದ್ದು ಈ ಕಡ್ಡಿ ಎಳೆಯುವುದಕ್ಕೆ. ಒಂದು ಶುಕ್ರವಾರವೂ ಬಿಡದೆ.

ಸಾಬರು ಕಡ್ಡಿಯನ್ನು ಅಲುಗದಂತೆ ಬಿಗಿಯಾಗಿ ಹಿಡಿದರು. "ತಿರುಗ್ಸಮ್ಮ" ಅಂದರು.

ಎರಡನೆಯ ಸುತ್ತಿಗೆ ಇಂಜಿನ್ ಎದ್ದಿತು. ಇನ್ಸ್‌ಪೆಕ್ಟರ್ ನಕ್ಕು, "ಪರವಾಗಿಲ್ವೇ, ಅಜ್ಜನಿಗೆ ಇನ್ನೂ ಜೀವ ಇದೆ!" ಎಂದು ಕಾಗದದ ಮೇಲೆ ಏನೋ ಗೀಚಿದರು. "ಹತ್ತಡಿ ಓಡಿಸಿ ಬ್ರೇಕ್ ಹಾಕಿ ತೋರಿಸಿಬಿಡಿ, ಪಾಸ್ ಮಾಡಿ ಕಳಿಸ್ತೀನಿ."

ಸುಮಯ್ಯ ಹ್ಯಾಂಡಲ್ ಕಳಚಿಕೊಂಡು ಬಾಗಿಲ ಬಳಿ ಬಂದಳು. "ಅಬ್ಬಾ, ಈ ಕಡೆ ಬನ್ನಿ, ನಾನು ಓಡಿಸ್ತೀನಿ. ಕಡ್ಡಿ ಬಿಡಿ, ಇನ್ನು ಮುಂದಕ್ಕೆ ತಳ್ಬೇಕು."

ಸಾಬರು ಬಿಡಲಿಲ್ಲ. ಬಿಡಬೇಕೆಂದು ಅವರಿಗೂ ಗೊತ್ತಿತ್ತು, ಹಿಂದಕ್ಕೇ ಇದ್ದರೆ ಇಂಜಿನ್ ಬಿಸಿಯಾಗುತ್ತದೆ. ಬೆರಳು ಸಡಿಲವಾಗಲಿಲ್ಲ. ಅವರ ಬಾಯಿಂದ ಒಂದು ಸದ್ದು ಬಂತು. ಇಂಜಿನ್ನಿನದೇ ಇರಬೇಕೆಂದು ಇನ್ಸ್‌ಪೆಕ್ಟರ್ ಬಾನೆಟ್ ಕಡೆ ನೋಡಿದರು. ಆಮೇಲೆ ತಿರುಗಿ ನೋಡಿ, ಪೆನ್ನು ಜೇಬಿಗಿಟ್ಟುಕೊಂಡು ದೂರ ಸರಿದು ನಿಂತರು. ಹಿಂದಿನ ಟ್ರ್ಯಾಕ್ಟರಿನವನು ಹಾರನ್ ಹೊಡೆದ. ಸುಮಯ್ಯ ಅವನಿಗೆ ನಿಲ್ಲು ಎಂದು ಕೈ ತೋರಿಸಿ, ಅಪ್ಪನ ಕೈ ಮೇಲೆ ತನ್ನ ಕೈಯಿಟ್ಟು ಕಾದಳು.