ಹನ್ನೊಂದನೆಯ ಸಲ

ನಡೆಯುವಾಗ ಕಂಡಕ್ಟರಮ್ಮ ಮಾತಾಡುವುದಿಲ್ಲ, ಮಾತಾಡಬೇಕೆನಿಸಿದರೆ ನಡೆಯುವುದಿಲ್ಲ. ಬೀದಿಯ ನಡುವೆ ಯಾರಾದರೂ ಕುಶಲ ಕೇಳಿದರೆ ಎರಡು ಪಾದಗಳನ್ನೂ ಗಟ್ಟಿಯಾಗಿ ಊರಿ, ಕೋಲನ್ನು ಸರಿಮಾಡಿಕೊಂಡು, ಕೇಳಿದ್ದಕ್ಕಿಂತ ನಾಲ್ಕು ಮಾತು ಹೆಚ್ಚೇ ಆಡಿ, ಆಮೇಲೆ ತುಟಿ ಬಿಗಿದುಕೊಂಡು ಮುಂದಿನ ಹೆಜ್ಜೆ ಎತ್ತುತ್ತಾರೆ. ಹತ್ತೊಂಬತ್ತು ವರ್ಷ ಓಡುವ ಬಸ್ಸಿನಲ್ಲಿ ಕಂಬ ಹಿಡಿಯದೆ ನಿಂತು, ಒಂದೇ ಉಸಿರಿನಲ್ಲಿ ಟಿಕೆಟ್ ಹರಿದು, ನಿಲ್ದಾಣ ಕೂಗಿ, ಬಾಗಿಲಿಗೆ ಜೋತುಬಿದ್ದವರನ್ನು ಗದರಿ ಒಳಗೆ ಕಳಿಸುತ್ತಿದ್ದ ಈ ಹೆಂಗಸಿಗೆ ಈಗ ನಡಿಗೆಯೊಂದೇ ಸಮಸ್ತ ಚಿತ್ತವನ್ನೂ ಬೇಡುವ ಉದ್ಯೋಗ.

ಮೊದಲು ಬಲಗಾಲು ಬಸ್ಸಿನ ಮೆಟ್ಟಿಲಿಗೆ ತಗುಲತೊಡಗಿತು. ಒಂದು ಮಧ್ಯಾಹ್ನ ಸೆಕೆಯಲ್ಲಿ ತೂರಾಡಿ ಪ್ರಯಾಣಿಕರೊಬ್ಬರ ಮೈಮೇಲೆ ಬಿದ್ದಾಗ, ಕಂಡಕ್ಟರ್ ಕುಡಿದಿದ್ದಾರೆಂದು ಡಿಪೋಗೆ ದೂರು ಹೋಯಿತು. ಡಿಪೋದವರು ವೈದ್ಯರಲ್ಲಿಗೆ ಕಳಿಸಿದರು. ನಾಲ್ಕು ತಿಂಗಳ ತಪಾಸಣೆಯ ಬಳಿಕ ಕಾಯಿಲೆಗೊಂದು ಹೆಸರು ಸಿಕ್ಕಿತು: ಮಲ್ಟಿಪಲ್ ಸ್ಕ್ಲೆರೋಸಿಸ್. ಮೆದುಳಿನಿಂದ ಕಾಲಿಗೆ ಅಪ್ಪಣೆ ಒಯ್ಯುವ ನರಗಳ ಹೊದಿಕೆ ಅಲ್ಲಲ್ಲಿ ಹಾಳಾಗಿದೆಯೆಂದು ವೈದ್ಯರು ವಿವರಿಸುತ್ತಿದ್ದರೆ, ಜೊತೆಗೆ ಬಂದಿದ್ದ ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದರು. ಕಂಡಕ್ಟರಮ್ಮ ಕೇಳಿದ್ದು ಒಂದೇ:

“ಹಾಗಾದ್ರೆ ನಾನು ಕುಡಿದಿರ್ಲಿಲ್ಲ ಅಂತ ಬರೆದು ಕೊಡ್ತೀರಲ್ಲ, ಡಾಕ್ಟ್ರೇ?”

ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುವವರು. ತಂಗಿ ನೀರೆಂದರೆ ಲೋಟ ತಂದು ತುಟಿಗಿಡುವರು, ಎದ್ದರೆ ಹೊಲಿಗೆ ಬಿಟ್ಟು ಓಡಿಬಂದು ತೋಳು ಹಿಡಿಯುವರು. ಫಿಸಿಯೋಥೆರಪಿಯ ಮೇಷ್ಟ್ರು ಮಾತ್ರ ಕಲಿಸಿದ್ದು ಬೇರೆಯೇ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಗೋಡೆಯ ಪಕ್ಕ ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಡೆಯುವುದು, ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು. ಎಲ್ಲವೂ ಬೆಳಗಿನ ತಂಪಿನಲ್ಲಿ, ಫ್ಯಾನಿನ ಕೆಳಗೆ, ಕತ್ತಿಗೆ ಒದ್ದೆಬಟ್ಟೆ ಹಾಕಿಕೊಂಡು, ಸುಸ್ತಾಗುವ ಮೊದಲೇ ನಿಲ್ಲಿಸಿ. ಈ ಕೊನೆಯದೊಂದು ಕಂಡಕ್ಟರಮ್ಮನ ತಲೆಗೆ ಹತ್ತಲಿಲ್ಲ. ಎರಡು ಪಾಳಿ ದುಡಿದ ಜೀವ. ಹತ್ತು ಅಂದರೆ ಇಪ್ಪತ್ತು ಮಾಡುವರು, ಇಪ್ಪತ್ತಾದರೆ ಮೂವತ್ತಕ್ಕೆ ಆಸೆಪಡುವರು.

ಅಕ್ಕ ಹೊಲಿದ ಬಟ್ಟೆ ಕೊಡಲು ಹೋಗಿದ್ದ ಒಂದು ಮಧ್ಯಾಹ್ನ, ಕರೆಂಟೂ ಇಲ್ಲದ ಹೊತ್ತಿನಲ್ಲಿ, ಮೂವತ್ತು ದಾಟುತ್ತಿದ್ದಂತೆ ಕಾಲುಗಳು ಹತ್ತಿಯಾದವು. ಕುಸಿದು ಕೂತವರು ಅಕ್ಕ ಬರುವವರೆಗೆ ನೆಲದ ಮೇಲೇ ಇದ್ದರು. ಇನ್ನು ಏಳುವುದೇ ಇಲ್ಲವೆಂದುಕೊಂಡರಂತೆ. ಸಂಜೆಗೆ ಮೈ ತಣಿದು ಕಾಲಿಗೆ ಜೀವ ಬಂತು. ಬಿಸಿಗೆ ಹೀಗಾಗುವುದುಂಟೆಂದು ಮರುದಿನ ಮೇಷ್ಟ್ರು ಸಮಾಧಾನ ಹೇಳಿದರು. ಹೊರಡುವಾಗ ಮಾತ್ರ ಬಾಗಿಲಲ್ಲಿ ನಿಂತು, “ಹತ್ತು ಅಂದ್ರೆ ಹತ್ತೇ ಅಮ್ಮ. ಹನ್ನೊಂದನೇದನ್ನ ನೀವು ನಾಳೆಯ ಪಾಲಿನಿಂದ ಕಿತ್ಕೊಂಡು ಮಾಡ್ತಿದ್ದೀರಿ,” ಎಂದರು.

ಅಕ್ಕನಿಗೆ ಅಷ್ಟೇ ಸಾಕಾಯಿತು. ಈ ವ್ಯಾಯಾಮವೂ ಬೇಡ, ಬೀಳುವುದೂ ಬೇಡ, ಸುಮ್ಮನೆ ಮಲಗಿರು, ನಾನಿದ್ದೇನಲ್ಲ ಎಂದು ಹಟ ಹಿಡಿದರು.

“ನೀನಿದ್ದೀಯ ಅಂತಾನೇ ಹೆದರಿಕೆ, ಅಕ್ಕ,” ಎಂದರು ಕಂಡಕ್ಟರಮ್ಮ. “ನಿನ್ನ ನೆಚ್ಕೊಂಡು ನಾನು ಏಳೋದನ್ನೇ ಮರೆತುಬಿಡ್ತೀನಿ.”

ಅಂದಿನಿಂದ ಎಣಿಸುವ ಕೆಲಸ ಅಕ್ಕನದು. ಹೊಲಿಗೆಯಂತ್ರದ ಮುಂದೆ ಕೂತು, ತಂಗಿಯ ಮಂಡಿ ನಡುಗುವುದನ್ನು ನೋಡಿಯೂ ನೋಡದವರಂತೆ, ಎರಡು ಕೈಗಳನ್ನೂ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಎಣಿಸುತ್ತಾರೆ, ಹತ್ತಕ್ಕೆ ನಿಲ್ಲಿಸುತ್ತಾರೆ. ಆ ಮನೆಯಲ್ಲಿ ಇಬ್ಬರಿಗೂ ಅದು ಕಸರತ್ತೇ.

ಕಾಯಿಲೆ ಬಿಟ್ಟುಹೋಗಲಿಲ್ಲ. ಡಿಪೋದವರು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವ ಕೆಲಸ ಕೊಟ್ಟರು. ಮರುವರ್ಷ ಎಡಗಾಲೂ ಸೋತು, ಹತ್ತು ಮೂರಕ್ಕಿಳಿಯಿತು. ಮೂರರಿಂದ ಏಳಕ್ಕೆ ಬರಲು ಐದು ತಿಂಗಳು ಹಿಡಿಯಿತು. ಈಗಲೂ ಏಳೇ.

ನಡಿಗೆ ಕಲಿಯುವ ಕೂಸಿಗೆ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟುತ್ತಾರೆ. ಕಲಿತ ನಡಿಗೆಯನ್ನು ಉಳಿಸಿಕೊಳ್ಳಲು ದಿನದಿನವೂ ದುಡಿಯುವವರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. ಹೊರಗಿನ ಕಣ್ಣಿಗೆ ಅವರು ನಿನ್ನೆ ಇದ್ದಲ್ಲೇ ಇಂದೂ ಇದ್ದಾರೆ, ಹೇಳಿಕೊಳ್ಳುವಂಥದ್ದೇನೂ ಜರುಗಿಲ್ಲ. ನಿನ್ನೆ ಇದ್ದಲ್ಲಿಗೆ ಇಂದೂ ಬಂದು ತಲುಪಲು ಅವರು ಎಷ್ಟು ದೂರ ನಡೆದರೆಂಬುದು ಪಕ್ಕದಲ್ಲಿ ಕೂತು ಎಣಿಸಿದವರಿಗೆ ಮಾತ್ರ ಗೊತ್ತು.