ದೊರೆಯ ಪಕ್ಕದ ಮನೆ

ಹೊಸ ವರ್ಷದ ಹಬ್ಬಕ್ಕೆ ಇನ್ನು ಮೂರು ವಾರವಿತ್ತು. ನಮ್ಮ ಹೆಡ್ ಯೆನ್ ಮೇಡಂ ಶಿಕ್ಷಕರ ಕೋಣೆಗೆ ಬಂದು, ಶಾಲೆಯ ವಸಂತ ಮೇಳದಲ್ಲಿ ಮಕ್ಕಳಿಗೆ ಹಳೆಯ ಆಟಗಳನ್ನು ಕಲಿಸಬೇಕು ಎಂದರು.

"ಓ ಅನ್ ಕ್ವಾನ್ ಯಾರಿಗೆ ಬರುತ್ರೀ? ಕಲ್ಲು ಬಿತ್ತೋ ಆಟ?"

ಯಾರೂ ಪುಸ್ತಕದಿಂದ ತಲೆ ಎತ್ತಲಿಲ್ಲ. ನಾನು ಕೈ ಎತ್ತಿದೆ. ಆ ಶಾಲೆಗೆ ಸೇರಿ ನಾಲ್ಕೇ ತಿಂಗಳಾಗಿತ್ತು, ಯೆನ್ ಮೇಡಂ ಬಾಯಿಂದ ಒಂದು ಒಳ್ಳೆಯ ಮಾತು ಬರಲಿ ಎಂಬ ಆಸೆ.

"ನೋಡಿ, ತ್ರಾಮ್ ಒಬ್ಬಳಾದ್ರೂ ನಮ್ಮ ಮಣ್ಣಿನ ಹುಡುಗಿ!" ಎಂದರು.

ನಾನು ಬೆಳೆದದ್ದು ಪಟ್ಟಣದ ನಾಲ್ಕನೇ ಮಹಡಿಯ ಮನೆಯಲ್ಲಿ. ಸಂಜೆಯೆಲ್ಲ ಟ್ಯೂಷನ್. ಆ ಆಟವನ್ನು ನಾನು ಕ್ಯಾಲೆಂಡರಿನ ಚಿತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ.

ಮಾರನೆಯ ದಿನ ಮಧ್ಯಾಹ್ನ, ಮಕ್ಕಳು ತರಗತಿಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದಾಗ, ನಾನು ಅಡುಗೆಮನೆಯ ಹಿಂದಿನ ಇಟ್ಟಿಗೆ ಅಂಗಳದಲ್ಲಿ ಸೀಮೆಸುಣ್ಣ ಹಿಡಿದು ಕೂತಿದ್ದೆ. ಒಂದು ಕೈಯಲ್ಲಿ ಮೊಬೈಲು. ಹಿಂದಿನಿಂದ ಯಾರೋ ನಕ್ಕರು. ಶಾಲೆ ಗುಡಿಸಿ, ಪಾತ್ರೆ ತೊಳೆಯುವ ಲುವಾ. ಐವತ್ತೈದು ದಾಟಿದ ಹೆಂಗಸು.

"ಏನ್ ಟೀಚರಮ್ಮ, ದೊರೆ ಮನೇನ ಪೆಟ್ಟಿಗೆ ಥರ ಬರ್ದಿದ್ದೀರಲ್ಲ! ಅದು ಅರ್ಧ ಚಂದ್ರ ಇದ್ದಂಗೆ ಇರ್ಬೇಕು."

ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ನನ್ನೆದುರು ಕುಕ್ಕರಗಾಲಲ್ಲಿ ಕೂತರು.

"ಈ ಐದು ಮನೆ ನಂದು, ಆ ಐದು ನಿಮ್ದು. ಮನೆಗೆ ಐದೈದು ಕಲ್ಲು, ಅವು ಜನ. ಎರಡು ತುದೀಲಿ ಒಂದೊಂದು ದಪ್ಪ ಕಲ್ಲು, ಅವ್ನು ದೊರೆ. ನಿಮ್ಮ ಯಾವ್ದಾದ್ರೂ ಮನೆ ಬರಿದು ಮಾಡಿ ಒಂದೊಂದೇ ಬಿತ್ಕೊಂಡು ಹೋಗಿ. ಕೈ ಖಾಲಿ ಆದಾಗ ಮುಂದಿನ ಮನೇಲಿ ಕಲ್ಲಿದ್ರೆ ಎತ್ಕೊಂಡು ಮತ್ತೆ ಬಿತ್ತಿ. ಮುಂದಿನ ಮನೆ ಖಾಲಿ ಇದ್ದು ಅದರಾಚೆ ಕಲ್ಲಿದ್ರೆ, ಆಚೇದೆಲ್ಲ ನಿಮ್ದು."

"ದೊರೆನೂ?"

"ದೊರೆನೂ. ಅವ್ನು ಹತ್ತು ಜನಕ್ಕೆ ಸಮ. ಅದಕ್ಕೇ ಅವನ ಪಕ್ಕದ ಮನೇನ ಸುಮ್‌ಸುಮ್ನೆ ಖಾಲಿ ಬಿಡ್ಬಾರ್ದು."

ಎರಡು ವಾರ ದಿನವೂ ಕಲಿಸಿದರು. ನಾನು ಬೆರಳಿಟ್ಟು ಎಣಿಸುತ್ತಿದ್ದರೆ, "ಬೆರಳು ಯಾಕೆ, ಕಣ್ಣು ಬಾಡಿಗೆಗೆ ಕೊಟ್ಟಿದೀರಾ?" ಎಂದು ಛೇಡಿಸುತ್ತಿದ್ದರು. ಎಮ್ಮೆ ಮೇಯಿಸುವಾಗ ಅವರ ಅಕ್ಕ ಹೇಳಿಕೊಟ್ಟ ಆಟವಂತೆ. ಆ ಎರಡು ವಾರ ಅವರ ಊಟ ಎಷ್ಟೋ ದಿನ ತಣ್ಣಗಾಗಿದ್ದು ನನಗೆ ಆಮೇಲೆ ಹೊಳೆಯಿತು.

ಮೇಳದ ದಿನ ಜಿಲ್ಲಾ ಶಿಕ್ಷಣ ಕಚೇರಿಯಿಂದ ಒಬ್ಬರು ಅತಿಥಿ ಮೇಡಂ ಬಂದಿದ್ದರು. ನಾನು ಹೊಸ ಆವ್ ಜಾಯ್ ಉಡುಪು ತೊಟ್ಟು ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದೆ. ಅವರು ಬಗ್ಗಿ ನೋಡಿ ಬೆರಗಾದರು.

"ಇಷ್ಟು ಚಿಕ್ಕ ವಯಸ್ಸಿಗೆ ಎಷ್ಟು ಚೆನ್ನಾಗಿ ಬರುತ್ತಮ್ಮ! ಯಾರು ಕಲಿಸಿದ್ದು?"

"ನಮ್ಮಜ್ಜಿ ಮೇಡಂ," ಎಂದೆ. "ಊರಲ್ಲಿ, ಮಾವಿನ ಮರದ ಕೆಳಗೆ."

ನನ್ನಜ್ಜಿ ಪೇಟೆಯಲ್ಲಿ ಬಟ್ಟೆ ಮಾರಿದವಳು. ಮಾವಿನ ಮರ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ಮಾತು ಮುಗಿಸಿ ತಲೆ ಎತ್ತಿದರೆ, ಅತಿಥಿಯ ಹಿಂದೆ ಚಹಾದ ತಟ್ಟೆ ಹಿಡಿದು ಲುವಾ ನಿಂತಿದ್ದರು. ಕೇಳಿಸಿಕೊಂಡಿದ್ದರು. ಮುಖದಲ್ಲಿ ಏನೂ ಇರಲಿಲ್ಲ.

"ಯಾರಾದ್ರೂ ದೊಡ್ಡವರು ಎದುರು ಕೂತು ಆಡಿ ತೋರಿಸಿ," ಎಂದರು ಅತಿಥಿ. ಯೆನ್ ಮೇಡಂ ಸುತ್ತ ನೋಡಿ, "ಲುವಾ, ನೀನೇ ಬಾ. ಬರ್ದಿದ್ರೆ ಟೀಚರ್ ಹೇಳ್ಕೊಡ್ತಾರೆ," ಎಂದರು.

ಲುವಾ ತಟ್ಟೆ ಕೆಳಗಿಟ್ಟು ನನ್ನೆದುರು ಕೂತರು. ಕಲ್ಲುಗಳನ್ನು ಅಂಗೈ ತುಂಬ ಎತ್ತಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಕೇಳಿದರು:

"ಟೀಚರಮ್ಮ, ಯಾವ ಕಡೆಗೆ ಬಿತ್ತೋದು?"

ಆಗಲಾದರೂ ಹೇಳಬಹುದಿತ್ತು. "ಯಾವ ಕಡೆಗಾದ್ರೂ ಸರಿ," ಎಂದೆ.

ಅವರು ಎಡವಟ್ಟಾಗಿ ಆಡಿದರು. ಒಂದೇ ಮನೆಗೆ ಎರಡು ಕಲ್ಲು ಬೀಳಿಸಿದರು. "ಅಜ್ಜಿಗೆ ಎಣಿಸೋಕೂ ಬರಲ್ಲ!" ಎಂದು ನನ್ನ ತರಗತಿಯ ಕ್ವಿನ್ ಕೂಗಿದಳು. ಮಕ್ಕಳೆಲ್ಲ ಗೊಳ್ಳೆಂದರು. ಲುವಾ ಅವರೂ ಹಲ್ಲು ಬಿಟ್ಟು ನಕ್ಕರು. ಆಮೇಲೆ ದೊರೆಯ ಪಕ್ಕದ ಮನೆಯನ್ನು ಬರಿದು ಮಾಡಿ ನನ್ನತ್ತ ನೋಡಿದರು. ನನ್ನ ಕೊನೆಯ ಕಲ್ಲು ಆ ಖಾಲಿ ಮನೆಗಿಂತ ಒಂದು ಮನೆ ಹಿಂದೆಯೇ ಬಿತ್ತು. ದೊರೆಯನ್ನು ಎತ್ತಿಕೊಂಡೆ. ಚಪ್ಪಾಳೆ ಬಿತ್ತು. ಫೋಟೋ ತೆಗೆದರು.

ಸಂಜೆ ಕಡಲೆಕಾಯಿ ಮಿಠಾಯಿಯ ಡಬ್ಬ ಹಿಡಿದು ಅಡುಗೆಮನೆಗೆ ಹೋದೆ. ಲುವಾ ದೊಡ್ಡ ಪಾತ್ರೆಯೊಳಗೆ ತಲೆ ಹಾಕಿ ಉಜ್ಜುತ್ತಿದ್ದರು.

"ಯಾಕೆ ಸೋತ್ರಿ?"

"ಗೆದ್ದಿದ್ರೆ ಆ ಮೇಡಂ ಕೇಳ್ತಿದ್ರು, ನಿಂಗೆ ಹೆಂಗೆ ಬರುತ್ತೆ ಅಂತ. ನಾನೇನ್ ಹೇಳ್ಬೇಕಿತ್ತು? ನಿಮ್ಮಜ್ಜಿ ನಂಗೂ ಕಲಿಸಿದ್ರು ಅಂತನಾ?" ತಲೆ ಹೊರಗೆ ತೆಗೆಯಲಿಲ್ಲ. "ಮಿಠಾಯಿ ಮಕ್ಕಳಿಗೆ ಕೊಡಿ."

ಆ ಡಬ್ಬವನ್ನು ಹಿಡಿದು ಸೈಕಲ್ ಸ್ಟ್ಯಾಂಡಿನವರೆಗೆ ನಡೆದದ್ದು ನೆನಪಿದೆ. ಕಿವಿಯ ಬುಡ ಸುಡುತ್ತಿತ್ತು. ಯಾರಾದರೂ ಮಾತಾಡಿಸಿದರೆ ಅತ್ತುಬಿಡುತ್ತಿದ್ದೆ.

ಮರುದಿನ ಯೆನ್ ಮೇಡಂಗೆ ನಿಜ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಫೋಟೋ, ವರದಿ ಎರಡೂ ಕಳಿಸಿ ಆಯ್ತು. ಇಷ್ಟಕ್ಕೆಲ್ಲ ಯಾಕೆ ರಾದ್ಧಾಂತ? ಹೋಗು, ಪಾಠ ಮಾಡು."

ಪಾಠ ಮಾಡಲಾಗಲಿಲ್ಲ. ಮಕ್ಕಳೆದುರು ನಿಂತು ಹೇಳಿದೆ: ನನಗೆ ಕಲಿಸಿದ್ದು ಅಜ್ಜಿಯಲ್ಲ, ಲುವಾ ಅವರು, ನಿನ್ನೆ ಅವರು ನನಗೋಸ್ಕರ ಬೇಕೆಂದೇ ಸೋತರು.

"ಹಾಗಾದ್ರೆ ಟೀಚರ್ ಸುಳ್ಳು ಹೇಳಿದ್ರಾ?" ಎಂದು ಕ್ವಿನ್ ಕೇಳಿದಳು.

"ಹೂಂ."

ಮಧ್ಯಾಹ್ನದೊಳಗೆ ಸುದ್ದಿ ಅಡುಗೆಮನೆ ತಲುಪಿತ್ತು. ಲುವಾ ಪೊರಕೆ ಹಿಡಿದೇ ನನ್ನ ತರಗತಿಯ ಬಾಗಿಲಿಗೆ ಬಂದರು. ನಾನು ಅವರನ್ನು ಅಷ್ಟು ಸಿಟ್ಟಿನಲ್ಲಿ ನೋಡಿದ್ದೇ ಇಲ್ಲ.

"ಆವತ್ತು ನನ್ನ ಕೇಳ್ದೆ ಸುಳ್ಳು ಹೇಳಿದ್ರಿ. ಇವತ್ತು ನನ್ನ ಕೇಳ್ದೆ ನಿಜ ಹೇಳಿದ್ರಿ. ಈಗ ಹೆಡ್ ಮೇಡಂ ನನ್ನ ಕರ್ದು, ಟೀಚರ್ ತಲೆ ಕೆಡಿಸ್ತೀಯಾ ಅಂತ ಬೈದ್ರು. ನಿಮ್ಮ ಮನಸ್ಸು ಹಗುರ ಆಯ್ತಾ?"

ಯೆನ್ ಮೇಡಂ ಹತ್ತಿರ ಮತ್ತೆ ಹೋಗಿ, ತಪ್ಪು ನನ್ನದು, ಅವರನ್ನು ಬೈದದ್ದು ಸರಿಯಲ್ಲ ಎಂದೆ. ಆ ವರ್ಷ ಮೆಚ್ಚುಗೆ ಪತ್ರ ಪಡೆಯುವ ಶಿಕ್ಷಕರ ಪಟ್ಟಿಯಿಂದ ನನ್ನ ಹೆಸರು ಹೋಯಿತು. ಅದರ ಬಗ್ಗೆ ಲುವಾಗೆ ನಾನು ಹೇಳಲಿಲ್ಲ.

ಹಬ್ಬ ಕಳೆದ ಮೇಲೆ ಕ್ವಿನ್ ಮತ್ತು ಇನ್ನಿಬ್ಬರು ಹುಡುಗಿಯರು ಮಧ್ಯಾಹ್ನದ ನಿದ್ದೆ ತಪ್ಪಿಸಿ ಅಡುಗೆಮನೆ ಹಿಂದೆ ಹೋಗತೊಡಗಿದರು. ಅವರನ್ನು ಕರೆತರಲು ಹೋದವಳು ಅಲ್ಲೇ ನಿಂತೆ. ಲುವಾ ಕಲ್ಲು ಬಿತ್ತುತ್ತಲೇ, ನನ್ನತ್ತ ನೋಡದೆ, "ಕೂತ್ಕೊಳ್ಳೋದಾದ್ರೆ ಕೂತ್ಕೊಳ್ಳಿ. ಬಿಸಿಲಿಗೆ ಅಡ್ಡ ನಿಲ್ಬೇಡಿ," ಎಂದರು.

ಕೂತೆ. ಈ ಸಲ ಅವರು ಏನನ್ನೂ ಹೇಳಿಕೊಡಲಿಲ್ಲ, ಏನನ್ನೂ ಬಿಟ್ಟುಕೊಡಲಿಲ್ಲ. ಹತ್ತು ನಿಮಿಷದಲ್ಲಿ ನನ್ನ ಐದೂ ಮನೆ ಬರಿದಾದವು. "ಟೀಚರ್ ಸೋತ್ರು!" ಎಂದು ಹುಡುಗಿಯರು ಕುಣಿದರು. ನಾಚಿಕೆಯಿಂದ ನನ್ನ ಮುಖ ಕೆಂಪಾದದ್ದನ್ನು ಲುವಾ ನೋಡಿದರು, ನಗಲಿಲ್ಲ. ಕಲ್ಲುಗಳನ್ನು ಐದೈದಾಗಿ ಮತ್ತೆ ಜೋಡಿಸುತ್ತಾ, "ನೀವೇ ಮೊದಲು ಬಿತ್ತಿ," ಎಂದರು.