ಇಬ್ಬರ ಜೋಲಿ

ರಿಟೈರಾದ ಮೇಲೆ ಸಣ್ಣಸ್ವಾಮಿ ಮನೆಯೊಳಗೆ ಮಲಗಿದ್ದು ಐದೇ ತಿಂಗಳು, ಅದೂ ಮಳೆಗಾಲ ಅಂತ. ಅಕ್ಟೋಬರ್ ಕೊನೆಗೆ ಮೋಡ ಸರಿದು ನಾಲ್ಕು ದಿನ ಒಳ್ಳೆ ಬಿಸಿಲು ಬಿತ್ತು. ಐದನೆಯ ದಿನ ಬೆಳಿಗ್ಗೆ ತಿಂಡಿಗೆ ಕುಳಿತವನು ರೊಟ್ಟಿ ಮುರಿಯುತ್ತ, ಸಂತೆಯಿಂದ ಸೊಪ್ಪು ತರುವ ಮಾತಿನಷ್ಟೇ ಸಲೀಸಾಗಿ ಹೇಳಿದ.

“ಮಡಿಕೇರಿಗೆ ಹೋಗಿ ಒಂದು ಹ್ಯಾಮಕ್ ತರ್ತೀನಿ. ಇನ್ಮೇಲೆ ಹಿತ್ತಲಲ್ಲೇ ಮಲೀಕತೀನಿ.”

“ಹಂಗಂದ್ರೆ ಏನು?” ಎಂದಳು ಲಿಂಗಮ್ಮ.

“ಜೋಲಿ ಕಣೆ. ಎರಡು ಮರಕ್ಕೆ ಕಟ್ಟೋದು. ಟೂರಿಸ್ಟ್‌ನೋರು ಕಟ್ಕಂಡು ಮಲಗಿರ್ತಾರಲ್ಲ, ಅದು.”

ಲಿಂಗಮ್ಮ ಕಾವಲಿಯ ಮೇಲಿನ ರೊಟ್ಟಿ ಮಗುಚಿದಳು. ಮಗುಚುವ ಅಗತ್ಯವೇನೂ ಇರಲಿಲ್ಲ, ಅದು ಆಗಲೇ ಎರಡೂ ಕಡೆ ಬೆಂದಿತ್ತು.

ಸಣ್ಣಸ್ವಾಮಿ ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವನು. ಮೂವತ್ತೊಂದು ವರ್ಷದ ಸರ್ವಿಸ್ಸಿನಲ್ಲಿ ಹೆಚ್ಚುಪಾಲು ಮಾಡಿದ್ದು ನೈಟ್ ಹಾಲ್ಟ್ ಡ್ಯೂಟಿ. ಸಂಜೆ ಮಡಿಕೇರಿ ಬಿಟ್ಟ ಬಸ್ಸು ದಕ್ಷಿಣ ಕೊಡಗಿನ ಯಾವುದೋ ಕೊನೆಯ ಊರು ಮುಟ್ಟಿ, ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ಶಾಲೆಯ ಮಕ್ಕಳನ್ನೂ ಆಸ್ಪತ್ರೆಗೆ ಹೋಗುವವರನ್ನೂ ತುಂಬಿಕೊಂಡು ವಾಪಸು ಬರುತ್ತದೆ. ಡ್ರೈವರು, ಕಂಡಕ್ಟರು ಬಸ್ಸಿನಲ್ಲೇ ಮಲಗಬೇಕು. ಉಳಿದವರು ಆ ಡ್ಯೂಟಿ ಬೇಡವೆಂದು ಡಿಪೋದಲ್ಲಿ ಕೈಕಾಲು ಹಿಡಿಯುತ್ತಿದ್ದರೆ ಇವನು ಕೇಳಿ ಹಾಕಿಸಿಕೊಳ್ಳುತ್ತಿದ್ದ. ಬಸ್ಸಿನೊಳಗೆ ಕಂಬಿಯಿಂದ ಕಂಬಿಗೆ ಹಳೇ ಬೆಡ್‌ಶೀಟು ಬಿಗಿದು, ಅದರಲ್ಲಿ ರಾಜನ ಹಾಗೆ ನಿದ್ದೆ ಹೊಡೆಯುತ್ತಿದ್ದನಂತೆ. ಅದನ್ನು ಅವನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಮನೆ ಕುಶಾಲನಗರದ ಆಚೆ, ಶುಂಠಿ ಗದ್ದೆಯ ಪಕ್ಕದಲ್ಲಿ. ವಾರಕ್ಕೊಂದು ರಜೆ. ಅವತ್ತು ಬಂದು, ಗದ್ದೆಗೊಂದು ಸುತ್ತು ಹಾಕಿ, ಉಂಡು, ಲಿಂಗಮ್ಮ ಪಾತ್ರೆ ಬೆಳಗಿ ಮುಗಿಸುವಷ್ಟರಲ್ಲಿ ನಿದ್ದೆ ಹೋಗಿರುತ್ತಿದ್ದ. ಮರುದಿನ ಹಗಲಿನ ಟ್ರಿಪ್ಪಿಗೆ ಬೆಳಿಗ್ಗೆ ಐದೂವರೆಗೇ ಡಿಪೋದಲ್ಲಿ ಹಾಜರಿರಬೇಕು. ಮೂರೂವರೆಗೆ ಅವನನ್ನು ಎಬ್ಬಿಸಿ, ಕಾಫಿ ಕೊಟ್ಟು, ದೊಡ್ಡ ರಸ್ತೆಗೆ ಕಳಿಸುವುದು ಲಿಂಗಮ್ಮನ ಕೆಲಸ. ಅಲಾರಂ ಮೇಲೆ ಅವಳಿಗೆ ಭರವಸೆ ಇರಲಿಲ್ಲ. ಒಂದು ಸಲ ಅದು ಹೊಡೆಯದೆ ಅವನಿಗೆ ಮೆಮೋ ಸಿಕ್ಕಿತ್ತು. ಉಳಿದ ಆರು ರಾತ್ರಿ ಬಾಗಿಲಿಗೆ ಅಗುಳಿ ಹಾಕಿ ಒಬ್ಬಳೇ ಮಲಗುತ್ತಿದ್ದಳು. ಮಗಳು ರಂಜಿತಾ ಅಜ್ಜಿಯ ಮಗ್ಗುಲಲ್ಲಿ ಮಲಗಿ ಬೆಳೆದವಳು, ಈಗ ಸೋಮವಾರಪೇಟೆಯ ಸೊಸೆ. ಆ ಅಜ್ಜಿ, ಲಿಂಗಮ್ಮನ ಅತ್ತೆ, ತೀರಿಕೊಂಡು ಎಂಟು ವರ್ಷವಾಯಿತು.

ಗಂಡ ರಿಟೈರಾಗುವ ತಿಂಗಳು ಲಿಂಗಮ್ಮ ಯಾರನ್ನೂ ಕೇಳದೆ ಹಲಸಿನ ಮರದ ಅಗಲವಾದ ಮಂಚ ಮಾಡಿಸಿದ್ದಳು. ಇನ್ನಾದರೂ ಗಂಡ ದಿನವೂ ಮನೆಯಲ್ಲಿ ಮಲಗುತ್ತಾನೆ ಎಂಬ ಆಸೆ. ಅರವತ್ತರ ಹತ್ತಿರ ಬಂದು ಇಂಥ ಆಸೆ ಇಟ್ಟುಕೊಂಡದ್ದಕ್ಕೆ ಅವಳಿಗೆ ನಾಚಿಕೆಯೇನೂ ಇರಲಿಲ್ಲ. ಈಗ ಇವನು ಹಿತ್ತಲಿಗೆ ಹೊರಟಿದ್ದಾನೆ. ಅವಳಿಗೆ ಕೋಪ ಬಂತು.

“ನಾನೂ ಬತ್ತೀನಿ ಮಡಿಕೇರಿಗೆ,” ಎಂದಳು. ಯಾಕೆ ಎಂದು ಅವನು ಕೇಳಲಿಲ್ಲ.

ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟೇ ಬೇಕೆಂದು ಹಿಡಿದು ಕುಳಿತ. ಆನೆಕಾಡು ದಾಟಿ ತಿರುವುಗಳು ಶುರುವಾದ ಮೇಲೆ ಅವನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಲಿಂಗಮ್ಮ ಅದನ್ನು ನೋಡಿದರೂ ನೋಡದವಳಂತೆ ಕಿಟಕಿಯ ಕಡೆ ತಿರುಗಿದಳು.

ಮಡಿಕೇರಿಯಲ್ಲಿ ಟೆಂಟು, ರೈನ್‌ಕೋಟು, ಟ್ರೆಕ್ಕಿಂಗ್ ಬೂಟು ಮಾರುವ ಅಂಗಡಿ ಮಿಲನ್ ಎಂಬ ಯುವಕನದು. ಅಂಗಡಿಯ ಮಧ್ಯೆ ಎರಡು ಕಬ್ಬಿಣದ ಕಂಬ ನಿಲ್ಲಿಸಿ ಕೊಕ್ಕೆ ಹಾಕಿಸಿದ್ದ. “ಕೂತು, ಮಲಗಿ ನೋಡಿ ಅಣ್ಣ. ಸುಮ್ನೆ ಮುಟ್ಟಿ ನೋಡಿದ್ರೆ ಗೊತ್ತಾಗಲ್ಲ,” ಎಂದ.

ಮೊದಲು ಹಗ್ಗದ ಬಲೆಯದು. ಸಣ್ಣಸ್ವಾಮಿ ಅದರೊಳಗೆ ಅರ್ಧ ಕುಳಿತವನು ಎದ್ದುಬಿಟ್ಟ. “ಬೆಳಿಗ್ಗೆ ಎದ್ರೆ ಬೆನ್ನ ಮೇಲೆ ಪೂರ್ತಿ ಚೌಕಚೌಕ ಬಿದ್ದಿರ್ತದೆ. ಸೊಳ್ಳೆಗೂ ಕೆಳಗಡೆಯಿಂದ ದಾರಿ.”

ಎರಡನೆಯದಕ್ಕೆ ಎರಡೂ ತುದಿಯಲ್ಲಿ ಮರದ ಪಟ್ಟಿ. ಬಟ್ಟೆ ಮಂಚದ ಹಾಗೆ ಮಟ್ಟಸವಾಗಿ ಹರಡಿಕೊಂಡಿತ್ತು. ಲಿಂಗಮ್ಮನಿಗೆ ಇದೇ ಲಾಯಕ್ಕು ಅನ್ನಿಸಿತು, ಬಾಯಿಬಿಟ್ಟು ಹೇಳಿಯೂ ಬಿಟ್ಟಳು. ಸಣ್ಣಸ್ವಾಮಿ ಮಲಗಿ ಮಗ್ಗುಲಾಗುವ ಹೊತ್ತಿಗೆ ಜೋಲಿ ಇಡಿಯಾಗಿ ಮಗುಚಿತು. ಮಿಲನ್ ತೋಳು ಹಿಡಿಯದಿದ್ದರೆ ನಿವೃತ್ತ ಡ್ರೈವರು ರೈನ್‌ಕೋಟುಗಳ ರಾಶಿಯ ಮೇಲೆ ಇರುತ್ತಿದ್ದ.

“ಪಟ್ಟಿ ಇರೋದು ಫೋಟೋಕ್ಕೆ ಚೆಂದ ಅಕ್ಕ,” ಎಂದ ಮಿಲನ್. “ಹಗಲು ಅರ್ಧ ಗಂಟೆ ಕೂರಕ್ಕೆ ಸರಿ. ರಾತ್ರಿ ಮಲಗಕ್ಕಾದ್ರೆ ಇದು ತಕ್ಕಳಿ,” ಎಂದು ಇನ್ನೊಂದನ್ನು ಬಿಚ್ಚಿದ.

ಮೂರನೆಯದು ತೆಳ್ಳಗಿನ ನೈಲಾನ್ ಬಟ್ಟೆಯದು, ಮಡಿಸಿದರೆ ತೆಂಗಿನಕಾಯಿಯಷ್ಟು. ಸಣ್ಣಸ್ವಾಮಿ ಮಲಗಿದ. ಅಗಲ ಸಾಲದೆ ಎರಡೂ ಭುಜ ಒತ್ತಿ, ಎದೆಯ ಮೇಲೆ ಕೈ ಮಡಚಿ ಮುದುರಿಕೊಳ್ಳಬೇಕಾಯಿತು.

“ಇದಕ್ಕಿಂತ ದೊಡ್ದು ಇಲ್ವಾ?”

“ಐತೆ ಅಣ್ಣ. ಡಬಲ್ಲು. ಇಬ್ಬರದ್ದು.”

“ಹಂಗಾದ್ರೆ ಇಬ್ಬರದ್ದೇ ಕೊಡು,” ಎಂದ ಸಣ್ಣಸ್ವಾಮಿ, ಒಂದು ಕ್ಷಣವೂ ಯೋಚಿಸದೆ.

ಲಿಂಗಮ್ಮನ ಕಿವಿ ಬಿಸಿಯಾಯಿತು. ಅವಳು ಕಂಬದ ಹಿಂದೆ ನೇತುಹಾಕಿದ ಟಾರ್ಚುಗಳನ್ನು ಬಹಳ ಗಮನವಿಟ್ಟು ನೋಡತೊಡಗಿದಳು. ಬೆಳಗಿನಿಂದ ಹೊಟ್ಟೆಯಲ್ಲಿದ್ದ ಕೋಪ ಎಲ್ಲಿ ಹೋಯಿತೋ. ಯಾವ ಬಣ್ಣ ಬೇಕು ಅಕ್ಕ ಎಂದು ಮಿಲನ್ ಕೇಳಿದಾಗ, “ಆ ಕೆಂಪು ಅಂಚಿಂದು,” ಎಂದಳು. ಸೊಳ್ಳೆಪರದೆ ಇರುವುದೇ ಆಗಬೇಕೆಂದೂ, ಮರಕ್ಕೆ ಕಟ್ಟಲು ತೊಗಟೆ ಕೆರೆಯದ ಅಗಲ ಬಟ್ಟೆಪಟ್ಟಿ ಬೇಕೆಂದೂ ಅವಳೇ ಹೇಳಿದಳು. ಕೆಳಗಿನಿಂದ ಚಳಿ ಹೊಡೆಯುತ್ತದೆ, ಮೈ ಮೇಲೆ ಹೊದೆಯುವುದಕ್ಕಿಂತ ಮೈ ಕೆಳಗೆ ಕಂಬಳಿ ಹಾಸುವುದು ಮುಖ್ಯ ಎಂದು ಮಿಲನ್ ಹೇಳಿದ್ದನ್ನು ನೆನಪಿಟ್ಟುಕೊಂಡಳು. ಮನೆಯಲ್ಲಿ ದೊಡ್ಡ ಕಂಬಳಿ ಇದೆ, ಇಬ್ಬರಿಗೂ ಸಾಕಾಗುತ್ತದೆ ಎಂದು ಲೆಕ್ಕ ಹಾಕಿದಳು.

ಮನೆಗೆ ಬಂದು ಮಧ್ಯಾಹ್ನದ ಊಟವಾದ ಮೇಲೆ ಸಣ್ಣಸ್ವಾಮಿ ಹಿತ್ತಲಿನ ಎರಡು ಸಿಲ್ವರ್ ಓಕ್ ಮರಗಳಿಗೆ ಜೋಲಿ ಕಟ್ಟಿದ. ಬಿಗಿಯಾಗಿ ಎಳೆಯದೆ, ಒಳ್ಳೇ ಸಡಿಲ ಬಿಟ್ಟು, ಕುಳಿತರೆ ಕಾಲು ನೆಲ ಮುಟ್ಟುವ ಎತ್ತರಕ್ಕೆ. ಅದರಲ್ಲಿ ಅವನ ಕೈ ಪಳಗಿತ್ತು. ಲಿಂಗಮ್ಮ ಒಳಗಿಂದ ಕಂಬಳಿ ತಂದು ಹಾಸಿದಳು. ಅವನು ಹತ್ತಿ, ತಲೆಯನ್ನು ಒಂದು ಮೂಲೆಗೂ ಕಾಲನ್ನು ಎದುರು ಮೂಲೆಗೂ ಹಾಕಿ ಅಡ್ಡಡ್ಡ ಚಾಚಿಕೊಂಡ. ಇಬ್ಬರ ಜೋಲಿ ಪೂರ್ತಿ ತುಂಬಿಹೋಯಿತು.

ಅವಳು ಪಕ್ಕದಲ್ಲಿ ನಿಂತು ಕಾದಳು. ಅವನು ಸರಿಯಲಿಲ್ಲ.

“ಇನ್ನೊಬ್ಬರು ಎಲ್ಲಿ ಮಲಗಾದು?”

“ಇನ್ನೊಬ್ಬರು ಯಾರು?”

“ಇಬ್ಬರದ್ದು ಅಂತ ತಾನೇ ತಂದಿದ್ದು.”

“ಅಯ್ಯೋ ಮಾರಾಯ್ತಿ, ಇದ್ರಲ್ಲಿ ಇಬ್ಬರು ಮಲಗಿದ್ರೆ ಒಬ್ಬರ ಮೇಲೊಬ್ಬರು ಉರುಳ್ತಾರೆ. ನೇರ ಮಲಗಿದ್ರೆ ಬೆನ್ನು ಬಾಳೆಹಣ್ಣಿನ ಥರ ಬಾಗ್ತದೆ. ಹಿಂಗೆ ಓರೆ ಮಲಗಿದ್ರೇನೆ ಮಟ್ಟಸ. ಓರೆ ಮಲಗಕ್ಕೆ ಅಗಲ ಬೇಕಲ್ಲ, ಅದಕ್ಕೇ ಇಬ್ಬರದ್ದು ತಗಳದು. ಬಸ್ಸಲ್ಲೂ ನಾನು ಡಬಲ್ ಬೆಡ್‌ಶೀಟೇ ಕಟ್ತಿದ್ದೆ.”

ಲಿಂಗಮ್ಮ ಕೆಂಪು ಅಂಚನ್ನು ನೋಡಿದಳು. ತಾನೇ ಆರಿಸಿದ ಬಣ್ಣ.

“ಮೂವತ್ತೊಂದು ವರ್ಷ ಒಬ್ಬಳೇ ಮಲಗಿದೆ,” ಎಂದಳು. “ಡ್ಯೂಟಿ ಅಂತ ಸುಮ್ನಿದ್ದೆ. ಈಗ ಯಾವ ಡ್ಯೂಟಿ ಐತೆ ನಿಮಗೆ? ಆ ಮಂಚ ನಾನು ಯಾರಿಗೆ ಅಂತ ಮಾಡಿಸಿದ್ದು? ನನ್ನ ಜೊತೆ ಇರಕ್ಕೆ ಬೇಜಾರು ಅಂದ್ರೆ ಅದನ್ನಾದ್ರೂ ಹೇಳಿ.”

ಸಣ್ಣಸ್ವಾಮಿ ಎದ್ದು ಕುಳಿತ. ಜೋಲಿಯಿಂದ ಎರಡೂ ಕಾಲು ಇಳಿಬಿಟ್ಟು, ನೆಲ ನೋಡುತ್ತಲೇ ಹೇಳಿದ.

“ಬೇಜಾರಲ್ಲ ಕಣೆ. ನಾನು ಒಳಗಿದ್ರೆ ನೀನು ಮಲಗಲ್ಲ.”

“ನಾನಾ?”

“ಐದು ತಿಂಗ್ಳಿಂದ ನೋಡ್ತಿದೀನಿ. ನಾನು ಪಕ್ಕದಲ್ಲಿದ್ರೆ ರಾತ್ರಿಯೆಲ್ಲ ಹೊರಳಾಡ್ತೀಯ. ಮೂರೂವರೆ ಆಯ್ತು ಅಂದ್ರೆ ಎದ್ದು ಕೂತ್ಕತೀಯ. ಎಷ್ಟೋ ದಿನ ನನ್ನ ಭುಜ ಹಿಡ್ದು ಅಲ್ಲಾಡ್ಸಿದೀಯ. ಆಮೇಲೆ ನೆನಪಾಗಿ ಕೈ ತಕ್ಕತೀಯ. ನಾನು ನಿದ್ದೆ ಬಂದೋನ ಥರ ಬಿದ್ಕಂಡಿರ್ತೀನಿ.” ಅವನು ಮುಖ ಎತ್ತಿದ. “ನಿನ್ನ ಕಣ್ಣು ನೋಡ್ಕಂಡಿದೀಯಾ, ಎಷ್ಟು ಒಳಗೆ ಹೋಗವೆ. ನಾನು ಹೊರಗಿದ್ರೆ ಮೊದ್ಲಿನ ಹಂಗೆ ಮಲೀಕತೀಯ ಅಂತ ಅಂದ್ಕಂಡೆ.”

ಜೂನ್ ತಿಂಗಳಿಂದ ನಿದ್ದೆ ಇಲ್ಲದ್ದಕ್ಕೆ ಲಿಂಗಮ್ಮ ಮಂಡಿನೋವನ್ನು ಬೈದಿದ್ದಳು, ಸಂಜೆಯ ಕಾಫಿ ಬಿಟ್ಟಿದ್ದಳು, ಮಾಡಿನ ಶೀಟಿನ ಮೇಲೆ ಮಳೆ ಬೀಳುವ ಸದ್ದು ಎಂದು ಮಗಳಿಗೆ ಫೋನಿನಲ್ಲಿ ದೂರು ಹೇಳಿದ್ದಳು. ಗಂಡ ಮನೆಯಲ್ಲಿರುವ ರಾತ್ರಿ ತಾನು ಎಚ್ಚರವಿರಬೇಕು, ಇಲ್ಲದಿದ್ದರೆ ಅವನ ಬಸ್ಸು ತಪ್ಪುತ್ತದೆ. ಇಷ್ಟು ವರ್ಷ ವಾರಕ್ಕೊಂದು ರಾತ್ರಿ ಕಾದ ಮೈಗೆ ರಿಟೈರ್‌ಮೆಂಟ್ ಆರ್ಡರು ತಲುಪಿರಲೇ ಇಲ್ಲ. ಈಗ ಅದು ದಿನವೂ ಕಾಯುತ್ತಿತ್ತು. ಇದು ಅವಳಿಗೆ ಹೊಳೆಯದೆ ಅವನಿಗೆ ಹೊಳೆದಿತ್ತು, ಮತ್ತು ಹೊಳೆದವನು ಬಾಯಿಬಿಟ್ಟು ಹೇಳುವ ಬದಲು ಮಡಿಕೇರಿಗೆ ಹೋಗಿ ಜೋಲಿ ತಂದಿದ್ದ. ಅವಳಿಗೆ ಅಳುವೂ ಬಂತು, ಅವನ ತಲೆಗೊಂದು ಮೊಟಕಬೇಕೆಂದೂ ಅನ್ನಿಸಿತು.

“ಇಳೀರಿ,” ಎಂದಳು.

“ಯಾಕೆ?”

“ಇಳೀರಿ ಅಂದೆ.”

ಅವನು ಇಳಿದ. ಅವಳು ಸೀರೆ ಒತ್ತಿ ಹಿಡಿದು ಮೊದಲು ಕುಳಿತು, ಅವನು ತೋರಿಸಿದ ಹಾಗೆ ತಲೆ ಒಂದು ಮೂಲೆಗೆ, ಕಾಲು ಇನ್ನೊಂದು ಮೂಲೆಗೆ ಇಟ್ಟಳು. ಬೆನ್ನು ನಿಜಕ್ಕೂ ಮಟ್ಟಸವಾಯಿತು, ಮಂಡಿಯ ಭಾರವೂ ಇಳಿಯಿತು. ಮೇಲೆ ಎಲೆಗಳ ನಡುವೆ ಬಿಸಿಲು ಅಲ್ಲಾಡುತ್ತಿತ್ತು. ಸಣ್ಣಸ್ವಾಮಿ ಶುಂಠಿ ಮೂಟೆಯ ಖಾಲಿ ಚೀಲ ಮಡಿಸಿ ಹಾಕಿಕೊಂಡು ಮರದ ಬುಡದಲ್ಲಿ ಕುಳಿತ. ಇವನು ಎಲ್ಲಿಗೂ ಹೋಗಬೇಕಾಗಿಲ್ಲ ಎಂದು ಅವಳು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡಳು, ಆಮೇಲೆ ಮತ್ತೊಮ್ಮೆ ಹೇಳಿಕೊಂಡಳು. ಮೂರನೆಯ ಸಲ ಹೇಳಿಕೊಂಡಳೋ ಇಲ್ಲವೋ, ಅವಳಿಗೇ ನೆನಪಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಗದ್ದೆಯ ಆಚೆ ಬದಿಗೆ ಸರಿದಿತ್ತು. ಅವನು ಅಲ್ಲೇ ಇದ್ದ.

“ಎಷ್ಟೊತ್ತಾಯ್ತು?”

“ಎರಡು ಗಂಟೆ ಮೇಲಾಯ್ತು. ಗೊರಕೆ ಹೊಡೀತಿದ್ದೆ.”

“ಸುಳ್ಳು.”

“ಸುಳ್ಳಲ್ಲ. ಘಾಟಿ ಹತ್ತೋ ಬಸ್ಸಿನ ಥರ. ಎರಡು ಕಡೆ ಗೇರೂ ಬದಲಾಯ್ಸಿದೆ.”

ತಾನು ಗೊರಕೆ ಹೊಡೆಯುತ್ತೇನೆಂದು ಈ ವಯಸ್ಸಿನವರೆಗೆ ಲಿಂಗಮ್ಮನಿಗೆ ಯಾರೂ ಹೇಳಿರಲಿಲ್ಲ. ಕೇಳಿಸಿಕೊಳ್ಳುವುದಕ್ಕೆ ಪಕ್ಕದಲ್ಲಿ ಯಾರೂ ಇರಲಿಲ್ಲ.

“ಇವತ್ತು ರಾತ್ರಿ ಒಳಗೇ ಮಲಗಿ,” ಎಂದಳು.

“ನೀನು ಹಿಂಗೆ ಗೊರಕೆ ಹೊಡದ್ರೆ ನಂಗೆ ನಿದ್ದೆ ಬರಬೇಕಲ್ಲ?”

“ಬರ್ದಿದ್ರೆ ಎದ್ದಿರಿ. ಇಷ್ಟು ವರ್ಷ ನಾನು ಎದ್ದಿರ್ಲಿಲ್ವಾ?”